ಜೋಡಿ ಹಳಿಯ ಊರಿನಲ್ಲಿ ಒಂದು ಭಾನುವಾರ

ಕೆ.ಎಲ್. ಸೆಂಟ್ರಲ್

ಮೇ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಏಳೂವರೆ. ಸ್ಥಳ, ಮಲೇಷಿಯಾ ದೇಶದ ಕೌಲಾಲಂಪುರದ ದೊಡ್ಡ ರೈಲು ನಿಲ್ದಾಣ. ಹಾಜರಿದ್ದವರು ಇಬ್ಬರು: ನಾನು ಮತ್ತು ನನ್ನ ತಂಗಿ ಶಾಂತಾಬಾಯಿ. ಬೀದರಿನ ದವಾಖಾನೆಯಲ್ಲಿ ಹೆಡ್ ಸಿಸ್ಟರ್ ಆಗಿದ್ದಾಗ ಡ್ಯೂಟಿ ಬದಲಾಗುವ ಹೊತ್ತಿಗೆ ಹೀಗೆಯೇ ವರದಿ ಬರೆಯುತ್ತಿದ್ದೆ. ನಿವೃತ್ತಿಯಾದ ಮೇಲೂ ಕೈ ಅದೇ ದಾರಿ ಹಿಡಿಯುತ್ತದೆ.

ನಾವು ಬಂದದ್ದು ಹೈದರಾಬಾದಿನಿಂದ ಹೊರಟ ಒಂದು ಪ್ರವಾಸದ ತಂಡದ ಜೊತೆ. ಎತ್ತರದ ಗೋಪುರ, ಹಕ್ಕಿಗಳ ತೋಟ, ಸಮುದ್ರದ ಮೀನು ಇಟ್ಟ ಗಾಜಿನ ಮನೆ, ಎಲ್ಲ ತೋರಿಸಿದರು. ಶಾಂತಾ ಒಂದನ್ನೂ ನೋಡಲಿಲ್ಲ. ಮೀನಿನ ಗಾಜಿನ ಮುಂದೆ ನಿಂತು, ಇವಕ್ಕೆ ಇಷ್ಟು ನೀರು ಎಲ್ಲಿಂದ ತರ್ತಾರ ಎಂದು ಮಾತ್ರ ಕೇಳಿದಳು. ಔರಾದ ತಾಲೂಕಿನ ಅವಳ ಊರಿಗೆ ಆಗ ಟ್ಯಾಂಕರ್ ಬರುತ್ತಿತ್ತು. ಬಂದರೆ ಕೊಡಗಳ ಜಗಳ, ಬರದಿದ್ದರೆ ಮನೆಮನೆಯಲ್ಲಿ ಜಗಳ. ತಂಡದವರಿಗೆ ಭಾನುವಾರ ಒಂದು ದಿನ ಬಿಡುವು ಕೊಟ್ಟಿದ್ದರು, ಅಂಗಡಿ ಸುತ್ತಲು. ಮರುದಿನ ವಿಮಾನ. ಆ ಒಂದು ಭಾನುವಾರಕ್ಕಾಗಿ ನಾವು ಇಡೀ ಪ್ರವಾಸ ಮಾಡಿದ್ದೆವು.

ಶಾಂತಾಳ ಮಗ ಮಿಲಿಂದ ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜಿನಲ್ಲಿ ಒಂದು ದಾಲ್ ಮಿಲ್ಲಿನ ಮಶೀನು ನಡೆಸುತ್ತಿದ್ದ. ಮಳೆ ಕೈಕೊಟ್ಟ ಎರಡನೆಯ ವರ್ಷ ಗಂಜಿಗೆ ತೊಗರಿ ಬರುವುದು ನಿಂತಿತು. ಮಾಲೀಕರು ಮಶೀನಿನ ಬೆಲ್ಟು ಬಿಚ್ಚಿ ಒಳಗಿಟ್ಟರು. ಹಮಾಲರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದ್, ಪುಣೆ ಎಂದು ಹೋದರು. ಮಿಲಿಂದ ಒಬ್ಬ ಏಜೆಂಟನ ಮಾತು ಕೇಳಿ ಇನ್ನೂ ದೂರ ಬಂದ. ಈ ಪಟ್ಟಣದಿಂದ ಕ್ಲಾಂಗ್ ಎಂಬ ಊರಿನ ಕಡೆಗೆ ಒಂದು ಕುರ್ಚಿ ಮೇಜು ಮಾಡುವ ಕಾರ್ಖಾನೆ, ಅಲ್ಲಿ ಮರ ಕೊಯ್ಯುವ ಕೆಲಸ. ಚಳಿಗಾಲದಲ್ಲಿ ಅದೇ ಕಾರ್ಖಾನೆಯಿಂದ ಊರಿಗೆ ಮರಳಿದ ಭಾಲ್ಕಿಯ ಹುಡುಗನೊಬ್ಬ ಔರಾದ ಬಸ್ ಸ್ಟ್ಯಾಂಡಿನಲ್ಲಿ ಶಾಂತಾಳನ್ನು ಕಂಡು, ನಿಮ್ಮ ಮಿಲಿಂದನ ಕೈ ಗರಗಸಕ್ಕೆ ಸಿಕ್ಕಿತ್ತು ಎಂದು ಹೇಳಿ ಬಸ್ ಹತ್ತಿಬಿಟ್ಟ. ಎಷ್ಟು ಸಿಕ್ಕಿತ್ತು ಎಂದು ಹೇಳಲಿಲ್ಲ. ಫೋನಿನಲ್ಲಿ ಕೇಳಿದರೆ ಮಿಲಿಂದ, ಸ್ವಲ್ಪ ಗೀಚ್ಯದ ಅಷ್ಟೇ ಎನ್ನುತ್ತಿದ್ದ. ತಿಂಗಳುಗಟ್ಟಲೆ ಅದೇ ಮಾತು.

"ಅಕ್ಕಾ, ಆ ಕೈ ನಾ ಕಣ್ಣಿಲೆ ನೋಡ್ಬೇಕು," ಎಂದು ಶಾಂತಾ ನನ್ನ ಮನೆಯ ಬಾಗಿಲಲ್ಲಿ ಕೂತಳು. ನೋಡುವುದು ನನಗೂ ಬೇಕಿತ್ತು. ಗೀಚಿದ ಗಾಯ ತಿಂಗಳುಗಟ್ಟಲೆ ಗೀಚಿದ ಹಾಗೇ ಇರುವುದಿಲ್ಲ.

ಅವನಿಗೆ ಸ್ವಂತ ಫೋನಿಲ್ಲದ್ದರಿಂದ ಶನಿವಾರ ಸಂಜೆ ಹೋಟೆಲಿನಿಂದ ಅವನ ಹಾಸ್ಟೆಲಿಗೆ ಫೋನು ಹಚ್ಚಿದೆವು. ಮಿಲಿಂದನನ್ನು ಮಧ್ಯಾಹ್ನದವರೆಗೆ ಮಾತ್ರ ಹೊರಗೆ ಬಿಡುತ್ತಾರಂತೆ. ಕಾರ್ಖಾನೆಯ ಗಾಡಿ ಹನ್ನೊಂದೂವರೆಗೆ ಕ್ಲಾಂಗ್ ಸ್ಟೇಷನ್ನಿಗೆ ಬಂದು ಎಲ್ಲರನ್ನೂ ತುಂಬಿಕೊಂಡು ಹೋಗುತ್ತದೆ. ಅದು ತಪ್ಪಿದವನಿಗೆ ಮತ್ತೆ ಹೊರಗೆ ಹೋಗುವ ಮಾತಿಲ್ಲ. ತಾನೇ ಪಟ್ಟಣಕ್ಕೆ ಬರುವೆನೆಂದು ಅವನು, ನಾವೇ ಬರುತ್ತೇವೆಂದು ಶಾಂತಾ. ಕೊನೆಗೆ ಅವಳೇ ತೀರ್ಮಾನ ಕೊಟ್ಟಳು: "ನೀ ಆ ಕಡಿಂದ ಹತ್ತು, ನಾವ್ ಈ ಕಡಿಂದ ಹತ್ತತೇವಿ. ನಡುವ ಕ್ರಾಸಿಂಗಿನಾಗ ಸಿಗೋಣು." ಅವನು ಹ್ಞೂಂ ಅಂದ. ನಾನೂ ಹ್ಞೂಂ ಅಂದೆ. ಮೂವರಲ್ಲಿ ಒಬ್ಬರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಕಾಣುವುದಾದರೂ ಹೇಗೆ? ನಮ್ಮ ತವರು ಸಾಯಗಾಂವ, ರೈಲು ಹಿಡಿಯುವುದು ಭಾಲ್ಕಿಯಲ್ಲಿ. ನಮಗೆ ಗೊತ್ತಿದ್ದ ರೈಲು ಒಂಟಿ ಹಳಿಯದು. ಬೀದರಿನಿಂದ ಒಂದು ಗಾಡಿ ಹೊರಟು, ಭಾಲ್ಕಿಯಿಂದ ಇನ್ನೊಂದು ಹೊರಟರೆ, ಹಲಬರ್ಗಾದಲ್ಲಿ ಒಂದು ನಿಂತು ಇನ್ನೊಂದಕ್ಕೆ ದಾರಿ ಕೊಡಲೇಬೇಕು. ಆ ನಿಲುಗಡೆಯಲ್ಲಿ ಜನ ಇಳಿದು ಆಚೆ ಗಾಡಿಯ ಬೀಗರನ್ನು ಮಾತಾಡಿಸುತ್ತಾರೆ, ಬುತ್ತಿ ದಾಟಿಸುತ್ತಾರೆ. ನಮ್ಮ ಅಪ್ಪ ಒಮ್ಮೆ ಅಲ್ಲಿಯೇ ಒಂದು ಸಂಬಂಧ ಕುದುರಿಸಿ, ಭಾಲ್ಕಿಗೆ ಹೊರಟವರು ಬೀದರದ ಗಾಡಿ ಹತ್ತಿ ವಾಪಸು ಹೋಗಿದ್ದರು. ಎದುರುಬದುರು ಹೊರಟವರು ಸಿಗದೇ ಇರುವುದು ನಮ್ಮಲ್ಲಿ ಸಾಧ್ಯವಿಲ್ಲ.

ಪೆಟಾಲಿಂಗ್

ರೈಲು ಒಳಗೆ ಆಪರೇಷನ್ ಕೋಣೆಯ ಹಾಗೆ ತಣ್ಣಗೆ, ಸ್ವಚ್ಛ. ಬಾಗಿಲು ತಾವಾಗಿಯೇ ತೆರೆದು ತಾವಾಗಿಯೇ ಮುಚ್ಚುತ್ತವೆ. ನೆಲದಲ್ಲಿ ಒಂದು ಕಡಲೆ ಸಿಪ್ಪೆ ಇಲ್ಲ. ತಿನ್ನಬಾರದು ಎಂದು ಚಿತ್ರ ಬರೆದು ಅಂಟಿಸಿದ್ದಾರೆ, ಯಾರೂ ತಿನ್ನುವುದಿಲ್ಲ. ನನಗೆ ಇದೆಲ್ಲ ಬಹಳ ಹಿಡಿಸಿತು. ಭಾನುವಾರವಾದರೂ ಕೆಲಸಕ್ಕೆ ಹೋಗುವವರಿದ್ದರು. ಸಮವಸ್ತ್ರ ತೊಟ್ಟ ಹೆಂಗಸರು ಕೂತಲ್ಲೇ ಕಣ್ಣು ಮುಚ್ಚಿ, ತಮ್ಮ ಸ್ಟೇಷನ್ನು ಬಂದಾಗ ಸರಿಯಾಗಿ ಕಣ್ಣು ತೆರೆದು ಇಳಿಯುತ್ತಿದ್ದರು. ಶಾಂತಾ ಮಾತ್ರ ಚಪ್ಪಲಿ ಬಿಟ್ಟು, ಕಾಲು ಮೇಲೆ ಮಡಚಿ, ಪಕ್ಕದ ಸೀಟಿನ ಮೇಲೆ ರೊಟ್ಟಿಯ ಗಂಟು ಇಟ್ಟು ಮಗನಿಗೆ ಜಾಗ ಹಿಡಿದಿದ್ದಳು. ಶಾಲೆಯ ಹುಡುಗಿಯೊಬ್ಬಳು ಬಂದು ಗಂಟನ್ನು ನೋಡಿ ಸುಮ್ಮನೆ ನಿಂತಳು. ತೆಗಿ ಎಂದೆ. ತೆಗೆಯಲಿಲ್ಲ.

"ಈ ಗಾಡ್ಯಾಗ ಯಾರ್ದರೆ ಹೆಣ ಒಯ್ಲತ್ತಾರೇನ?" ಎಂದಳು ನನ್ನ ಕಿವಿಯಲ್ಲಿ. "ಯಾವನೂ ಉಸಿರು ಬಿಡವಲ್ಲ."

ಎದುರಿನ ಸೀಟಿನಲ್ಲಿ ತಲೆ ನರೆತ ತಮಿಳು ಹಿರಿಯರೊಬ್ಬರು ಕೂತಿದ್ದರು. ನನಗೆ ದವಾಖಾನೆಯ ತಮಿಳು ಸಿಸ್ಟರುಗಳಿಂದ ಕಲಿತ ನಾಲ್ಕು ಮಾತು ಬರುತ್ತವೆ. ಅವರ ಅಜ್ಜ ರಬ್ಬರ್ ತೋಟದ ಕೂಲಿಗೆ ಹಡಗಿನಲ್ಲಿ ಬಂದವರಂತೆ, ಮೂರು ವರ್ಷದ ಕರಾರಿಗೆ. ಮಿಲಿಂದನ ಕರಾರೂ ಮೂರು ವರ್ಷದ್ದು. ಅಜ್ಜ ಮರಳಿ ಹೋದರೇ ಎಂದು ಕೇಳಿದೆ. ಹಿರಿಯರು ನಕ್ಕು ತಮ್ಮ ಎದೆ ಮುಟ್ಟಿ ತೋರಿಸಿದರು. ಹೋಗಿದ್ದರೆ ನಾನು ಇಲ್ಲಿ ಯಾಕೆ ಇರುತ್ತಿದ್ದೆ ಎಂದು ಅದರ ಅರ್ಥ. ಶಾಂತಾಳಿಗೆ ಅದನ್ನು ನಾನು ಹೇಳಲಿಲ್ಲ.

ಕ್ರಾಸಿಂಗ್ ಎಲ್ಲಿ ಆಗುತ್ತದೆ ಎಂದು ಅವರನ್ನು ಕೇಳಿದೆ. ಅವರಿಗೆ ಮಾತೇ ತಿಳಿಯಲಿಲ್ಲ. ಎರಡು ಕೈ ಎದುರುಬದುರು ತಂದು, ಎರಡು ಗಾಡಿ, ಒಂದು ನಿಲ್ಲುವುದು, ಎಂದು ತೋರಿಸಿದೆ. ಅಷ್ಟರಲ್ಲಿ ಕಿಟಕಿಯ ಆಚೆ ಒಂದು ಗಾಡಿ ಪಟ್ಟಣದ ಕಡೆಗೆ ಸರ್ರೆಂದು ಹೋಯಿತು. ಮುಖಗಳೆಲ್ಲ ಒಂದಕ್ಕೊಂದು ಮೆತ್ತಿಕೊಂಡಂತೆ ಕಂಡವು. ಹಿರಿಯರು ಅದನ್ನೇ ಬೊಟ್ಟು ಮಾಡಿ, ಇಲ್ಲಿ ಯಾವುದೂ ಯಾವುದಕ್ಕೂ ನಿಲ್ಲುವುದಿಲ್ಲ ಅಮ್ಮ, ಹೋಗುವ ಹಳಿ ಬೇರೆ, ಬರುವ ಹಳಿ ಬೇರೆ ಎಂದರು.

ಶಾಂತಾಳಿಗೆ ಹೇಳಿದಾಗ ಅವಳು ಎದ್ದು ಬಲಗಡೆಯ ಗಾಜಿಗೆ ಎರಡೂ ಅಂಗೈ ಊರಿ ನಿಂತಳು. ಆ ಮೇಲೆ ಶಾ ಆಲಂ ಎಂಬ ಸ್ಟೇಷನ್ನು ಬರುವವರೆಗೆ ಅವಳು ಕೂರಲಿಲ್ಲ. ಎದುರಿನಿಂದ ಬಂದ ಒಂದೊಂದು ಗಾಡಿಯನ್ನೂ, ಹೊಲದಲ್ಲಿ ಕಲ್ಲು ಆರಿಸುವವಳ ಹಾಗೆ, ಬಗ್ಗಿ ಬಗ್ಗಿ ನೋಡಿದಳು.

ಶಾ ಆಲಂ

ಶಾ ಆಲಮಿನಲ್ಲಿ ಆಚೆ ಪ್ಲಾಟ್‌ಫಾರ್ಮಿಗೆ ಹತ್ತಿಕೊಂಡು ಪಟ್ಟಣದ ಕಡೆಯ ಗಾಡಿ ಮೊದಲೇ ನಿಂತಿತ್ತು. ನಮ್ಮ ಗಾಡಿ ಅದರ ಪಕ್ಕಕ್ಕೆ ಬಂದು ನಿಂತಿತು. ಗಾಜಿಗೆ ಗಾಜು, ನಡುವೆ ಒಂದು ಮಾರು. ಆ ಗಾಜಿನಲ್ಲಿ ಮಿಲಿಂದ ಇದ್ದ. ಇಸ್ತ್ರಿ ಮಾಡಿದ ನೀಲಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಅವ್ವನನ್ನು ಎದುರುಗೊಳ್ಳಲು ಹೊರಟ ವೇಷ. ಶಾಂತಾ ಗಾಜು ಬಡಿದಳು. ಅವನು ತಲೆ ಎತ್ತಿದ, ನಕ್ಕ, ಎಡಗೈ ಎತ್ತಿದ. ಬಲಗೈ ಜೇಬಿನಲ್ಲಿತ್ತು.

ಹಲಬರ್ಗಾ ಆಗಿದ್ದರೆ ಇಷ್ಟು ಹೊತ್ತಿಗೆ ಅವನು ಹಳಿಗೆ ಜಿಗಿದು ನಮ್ಮ ಡಬ್ಬಿಯಲ್ಲಿ ಇರುತ್ತಿದ್ದ. ಇಲ್ಲಿ ಬಾಗಿಲು ತೆರೆಯುವುದು ಹೊರಮಗ್ಗುಲಿಗೆ. ಅವನ ಬಾಗಿಲು ಆಗಲೇ ಮುಚ್ಚಿತ್ತು. ಅವನ ಗಾಡಿ ಪಟ್ಟಣದ ಕಡೆಗೆ ಹೊರಟಿತು. ನಾನು ಶಾಂತಾಳ ತೋಳು ಹಿಡಿದು ಕೆಳಗಿಳಿಸಿದೆ. ಇಲ್ಲೇ ಕೂರೋಣ, ಅವನು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಮರಳಿ ಬರುತ್ತಾನೆ ಎಂದೆ. ದವಾಖಾನೆಯಲ್ಲಿ ನಾನು ಎಲ್ಲರಿಗೂ ಹೇಳುತ್ತಿದ್ದ ನಿಯಮ ಅದು. ಯಾರಾದರೂ ಕಳೆದರೆ ಒಬ್ಬರು ಕದಲಬಾರದು.

"ನೀ ಕೂಡು," ಎಂದು ಅವಳು ಆಗಲೇ ಮೇಲ್ಸೇತುವೆಯ ಮೆಟ್ಟಿಲ ಮೇಲಿದ್ದಳು. "ಅಂವ ಅಲ್ಲಿ ತನಕ ಹೋಗಿ ನನ್ನ ಹುಡುಕ್ತಾನ. ಅಂವನ ಬುದ್ಧಿ ನಿನಗೇನ ಗೊತ್ತದ?"

ಬಿಟ್ಟು ಕೂರಲು ಸಾಧ್ಯವೇ? ಅವಳಿಗೆ ಕನ್ನಡ, ಮರಾಠಿ ಬಿಟ್ಟರೆ ಏನೂ ಬರುವುದಿಲ್ಲ. ಹಿಂದೆಯೇ ಓಡಿ ಪಟ್ಟಣದ ಕಡೆಯ ಮುಂದಿನ ಗಾಡಿ ಹತ್ತಿದೆ. ಒಂದೇ ಸ್ಟೇಷನ್ನಿನ ದೂರದಲ್ಲಿ ಬಾತು ತಿಗಾ. ಅಲ್ಲಿ ನಮ್ಮ ಗಾಡಿ ಒಳಗೆ ಬರುತ್ತಿದ್ದಂತೆ ಆಚೆ ಹಳಿಯಿಂದ ಕ್ಲಾಂಗ್ ಕಡೆಯ ಗಾಡಿ ಹೊರಟಿತು. ಅದರ ಕೊನೆಯ ಡಬ್ಬಿಯಲ್ಲಿ ನೀಲಿ ಅಂಗಿ. ನಾನು ಹೇಳಿದ ಹಾಗೆ ಅವನು ಇಳಿದಿದ್ದ, ನಾನು ಹೇಳಿದ ಹಾಗೆ ಮರಳಿ ಶಾ ಆಲಮಿಗೆ ಹೊರಟಿದ್ದ. ನಾವು ಮಾತ್ರ ಅಲ್ಲಿ ಇರಲಿಲ್ಲ.

ಬಾತು ತಿಗಾ

ಈ ಸಲ ಶಾಂತಾಳನ್ನು ಬೆಂಚಿನ ಮೇಲೆ ಕೂರಿಸಿ ಅವಳ ಸೆರಗಿನ ತುದಿಯನ್ನು ನನ್ನ ಮುಷ್ಟಿಯಲ್ಲಿ ಹಿಡಿದುಕೊಂಡೆ. ಅವಳು ಎಳೆದಾಡಲಿಲ್ಲ. ಗಾಡಿಗಳು ಬಂದವು, ಹೋದವು. ಇವು ಬೆಳಿಗ್ಗೆ ಜನರನ್ನು ಕೆಲಸಕ್ಕೆ ಒಯ್ದು ಸಂಜೆ ಮನೆಗೆ ತಂದು ಬಿಡುವ ಗಾಡಿಗಳು. ಕೆಲಸಕ್ಕೆ ಹೋದವರು ಅದೇ ದಿನ ಮನೆಯ ಊಟಕ್ಕೆ ಬರುವ ವ್ಯವಸ್ಥೆಯೊಂದು ಜಗತ್ತಿನಲ್ಲಿದೆ ಎಂದು ಆ ಬೆಂಚಿನ ಮೇಲೆ ಕೂತು ನೋಡಿದೆ. ಆ ಬೇಸಗೆ ಬೀದರ ಸ್ಟೇಷನ್ನಿನಲ್ಲಿ ನಾನು ಕಂಡ ಜನ ಪಾತ್ರೆ, ಹಾಸಿಗೆ, ಕೋಳಿ ಸಮೇತ ಕಟ್ಟಿಕೊಂಡಿದ್ದರು. ಅವರು ಯಾವ ತಿಂಗಳು ಬರುತ್ತಾರೆಂದು ಅವರ ಮನೆ ಕಾಯುವ ನಾಯಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಕೆರೆ ತೋಡುತ್ತೇವೆ ಎಂದು ಭಾಷಣ ಮಾಡಲು ಬಂದವರು ಅದೇ ಪ್ಲಾಟ್‌ಫಾರ್ಮಿನಲ್ಲಿ ಆ ಜನರ ಗಂಟು ದಾಟಿ, ಹಾರ ಹಾಕಿಸಿಕೊಂಡು ಹೋದರು.

ಮಿಲಿಂದ ಶಾ ಆಲಮಿನಲ್ಲಿ ಎರಡೂ ಪ್ಲಾಟ್‌ಫಾರ್ಮು ಹುಡುಕಿ, ಕಾದು, ಕೊನೆಗೆ ಬಾತು ತಿಗಾಕ್ಕೆ ಬಂದಾಗ ಹನ್ನೊಂದು ಹತ್ತಿರವಾಗಿತ್ತು. ಅವ್ವನ ಕಾಲು ಮುಟ್ಟಲು ಎಡಗೈ ಚಾಚಿದ. ಅವಳು ಅವನ ಮುಖ ನೋಡಲಿಲ್ಲ, ಜೇಬು ನೋಡಿದಳು.

"ಗಾಡಿ ಬಂತು ಅವ್ವಾ, ನಡಿ. ಹನ್ನೊಂದೂವರಿಗೆ ಕ್ಲಾಂಗಿನಾಗ ಇರ್ಬೇಕು ನಾ," ಎಂದ. ಬೆಂಚಿನ ಮೇಲೆ ಕೂತು ಮಾತಾಡುವಷ್ಟೂ ಹೊತ್ತು ಉಳಿದಿರಲಿಲ್ಲ. ಅಲ್ಲಿಂದ ಕ್ಲಾಂಗಿಗೆ ನಾಲ್ಕೇ ಸ್ಟೇಷನ್ನು. ಸಮುದ್ರ ದಾಟಿ ಬಂದದ್ದು ನಾಲ್ಕು ಸ್ಟೇಷನ್ನಿನ ಮಾತಿಗೆ.

ಪಡಾಂಗ್ ಜಾವಾ

ಗಾಡಿಯಲ್ಲಿ ಮೂರು ಸೀಟು ಒಟ್ಟಿಗೆ ಸಿಕ್ಕವು. ಕೈ ತೆಗೆ ಎಂದೆ. ವಾರ್ಡಿನಲ್ಲಿ ಮಾತಾಡುವ ದನಿಯಲ್ಲಿ ಹೇಳಿದ್ದರಿಂದಲೋ ಏನೋ, ತೆಗೆದ. ಕರವಸ್ತ್ರ ಸುತ್ತಿತ್ತು. ಬಿಚ್ಚಿದೆ.

ಬಲಗೈಯ ನಡುಬೆರಳು, ಉಂಗುರದ ಬೆರಳು ಬುಡದಿಂದ ಇರಲಿಲ್ಲ. ಕಿರುಬೆರಳು ಅರ್ಧ. ಹೊಲಿಗೆ ಹಾಕಿದವನಿಗೆ ಬಹಳ ಅವಸರವಿದ್ದಿರಬೇಕು, ಗೋಣಿಚೀಲದ ಬಾಯಿ ಹೊಲಿದಂತೆ ಎಳೆದು ಕಟ್ಟಿದ್ದ. ಒಂದು ಮೂಲೆ ಇನ್ನೂ ಹಸಿಯಾಗಿತ್ತು. ಒತ್ತಿದರೆ ಕೀವು ಬಂತು. ಇಷ್ಟು ತಿಂಗಳಾದರೂ ಒಣಗದ ಗಾಯದ ಒಳಗೆ ಎಲುಬು ಕೆಟ್ಟಿರುತ್ತದೆ. ಬಿಟ್ಟರೆ ಉಳಿದ ಎರಡು ಬೆರಳೂ ಹೋಗುತ್ತವೆ.

ಶಾಂತಾ ಅಳಲಿಲ್ಲ. ಗಂಟು ಬಿಚ್ಚಿ, ಜೋಳದ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಅವನ ಬಾಯಿಗೆ ಇಟ್ಟಳು. ಮೇಲೆ ಗೋಡೆಯಲ್ಲಿ ತಿನ್ನಬಾರದೆಂಬ ಚಿತ್ರ. ನಾನು ಅದಕ್ಕೆ ಬೆನ್ನು ಹಾಕಿ ಕೂತೆ. ಎದುರಿಗೆ ತಲೆಗೆ ವಸ್ತ್ರ ಸುತ್ತಿದ ಹೆಂಗಸು ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಪಕ್ಕದವನು ಪೇಪರು ಎತ್ತಿ ಮುಖ ಮರೆ ಮಾಡಿಕೊಂಡ. ನಮ್ಮ ಕಡೆಯ ಗಾಡಿಯಲ್ಲಾಗಿದ್ದರೆ ಇಡೀ ಡಬ್ಬಿ ಸುತ್ತ ನೆರೆದು, ಅರಿಷಿಣ ಹಚ್ಚಿ, ಬೇವು ಹಚ್ಚಿ, ಯಾವ ಕಾರ್ಖಾನೆಯವ ಹೆಸರು ಹೇಳಿ ಎಂದು ಗದ್ದಲ ಎಬ್ಬಿಸುತ್ತಿತ್ತು. ಬೆಳಿಗ್ಗೆ ನನಗೆ ಹಿಡಿಸಿದ್ದ ಆ ಮೌನ ಈಗ ಸಾಕೆನಿಸಿತು. ಮರ್ಯಾದೆಗಾಗಿ ನೋಡದಿರುವುದಕ್ಕೂ, ನೋಡಲೇ ಬೇಡವಾಗಿ ನೋಡದಿರುವುದಕ್ಕೂ ಹೊರಗಿನಿಂದ ವ್ಯತ್ಯಾಸ ತಿಳಿಯುವುದಿಲ್ಲ.

ನನ್ನ ಚೀಲದಲ್ಲಿ ಗಾಜ್ ಬಟ್ಟೆ, ಪಟ್ಟಿ, ಔಷಧಿ ಇತ್ತು. ಗಾಯ ತೊಳೆದು ಪಟ್ಟಿ ಕಟ್ಟುತ್ತ ಮಾತಾಡಿದೆ. ನಾಳೆ ನಮ್ಮ ಜೊತೆ ಹೊರಡು, ಬೀದರಿನಲ್ಲಿ ನಾನು ನಿಂತು ಆಪರೇಷನ್ ಮಾಡಿಸುತ್ತೇನೆ, ಕೈ ಉಳಿಯುತ್ತದೆ ಎಂದೆ. ಪಾಸ್‌ಪೋರ್ಟು ಕಾರ್ಖಾನೆಯ ಆಫೀಸಿನಲ್ಲಿದೆ ಎಂದ. ನಾನೇ ಬಂದು ಕೇಳುತ್ತೇನೆ ಎಂದೆ. ಕೇಳಿದರೆ ಓಡಿಹೋಗುವವನು ಎಂದು ಒಳಗೆ ಹಾಕಿ ಕೂರಿಸುತ್ತಾರೆ ಎಂದ. ಇಲ್ಲಿ ಮತ್ತೊಮ್ಮೆ ಡಾಕ್ಟರಿಗೆ ತೋರಿಸು ಎಂದೆ. ಕಾರ್ಖಾನೆಯ ಡಾಕ್ಟರು ಗಾಯ ಒಣಗಿದೆ ಎಂದು ಎಂದೋ ಬರೆದುಬಿಟ್ಟಿದ್ದಾರೆ ಎಂದ. ಈಗ ಎಡಗೈಯಲ್ಲಿ ಮರದ ಪುಡಿ ಬಾಚುವ ಕೆಲಸ ಕೊಟ್ಟಿದ್ದಾರೆ, ಅದು ಇರುವ ತನಕ ಇರುತ್ತದೆ.

"ಮಿಲಿಂದಾ," ಎಂದಳು ಶಾಂತಾ, "ನೀ ಊರಿಗಿ ನಡಿ. ಗಂಜಿ ಕುಡದರೂ ನಡೀತದ."

ಅವನು ರೊಟ್ಟಿ ನುಂಗಿ ನನ್ನ ಕಡೆ ನೋಡಿದ, ಅವ್ವನ ಕಡೆ ನೋಡಲಿಲ್ಲ.

"ದೊಡ್ಡವ್ವಾ, ನೀವೇ ಹೇಳ್ರಿ. ಗಂಜಿನಾಗ ಎರಡ್ ಕೈ ಇದ್ದವ್ರಿಗೇ ಕೆಲಸ ಇಲ್ಲ. ನನಗ ಯಾರ ಕರೀತಾರ್ರಿ?"

ವಯಸ್ಸಿನುದ್ದಕ್ಕೂ ಬಂದವರಿಗೆಲ್ಲ ಇದು ಮಾಡು, ಅದು ಮಾಡು ಎಂದು ಹೇಳಿದವಳು ನಾನು. ಅಡ್ಮಿಟ್ ಆಗು ಎನ್ನಬಲ್ಲೆ. ಡಿಸ್ಚಾರ್ಜ್ ಆದ ಮೇಲೆ ಏನು ಎಂದು ಯಾವ ವಾರ್ಡಿನಲ್ಲೂ ನಮಗೆ ಕಲಿಸಿರಲಿಲ್ಲ.

ಉಳಿದ ಕೆಲಸ ಒಂದೇ. ಕಟ್ಟಿದ ಪಟ್ಟಿ ಬಿಚ್ಚಿ ಅವನ ಎಡಗೈಗೆ ಕೊಟ್ಟೆ. ನೀನೇ ಕಟ್ಟು ಎಂದೆ. ಮೊದಲ ಸಲ ಜಾರಿತು. ಪಟ್ಟಿಯ ತುದಿಯನ್ನು ಹೆಬ್ಬೆರಳಿನ ಕೆಳಗೆ ಸಿಕ್ಕಿಸು, ಮಣಿಕಟ್ಟಿನಿಂದ ಸುತ್ತು, ಗಂಟನ್ನು ಹಲ್ಲಿನಿಂದ ಎಳೆ ಎಂದು ತೋರಿಸಿದೆ. ಎರಡನೆಯ ಸಲ ಸಡಿಲ. ಬೈದೆ. "ದೊಡ್ಡವ್ವಾ, ಸಾಲಿ ಮಾಸ್ತರಗಿಂತ ಕಡಕ್ ಇದ್ದೀರಿ ನೀವು," ಎಂದು ನಕ್ಕ. ನಾನು ನಗಲಿಲ್ಲ, ಮತ್ತೆ ಬಿಚ್ಚಿದೆ. ಬುಕಿತ್ ಬಡಾಕ್ ಸ್ಟೇಷನ್ನು ದಾಟುವ ಹೊತ್ತಿಗೆ ಪಟ್ಟಿ ಗಟ್ಟಿಯಾಗಿ ಕೂತಿತು. ದಿನಕ್ಕೆ ಎರಡು ಸಲ, ಕುದಿಸಿ ಆರಿಸಿದ ನೀರು, ಮೊದಲು ಸೋಪಿನಲ್ಲಿ ಎಡಗೈ. ಅವನ ಬಾಯಿಂದ ತಿರುಗಿ ಹೇಳಿಸಿದೆ. ಜ್ವರ ಬಂದರೆ ಯಾರನ್ನೂ ಕೇಳದೆ ಸರಕಾರಿ ದವಾಖಾನೆಗೆ ಓಡು ಎಂದೆ. ಹ್ಞೂಂ ಎಂದ. ಓಡುತ್ತಾನೆಂದು ನಾನು ನಂಬಲಿಲ್ಲ. ಚೀಲದಲ್ಲಿದ್ದ ಔಷಧಿ, ಬಟ್ಟೆ ಎಲ್ಲ ಕೊಟ್ಟೆ.

ಕ್ಲಾಂಗ್

ಕ್ಲಾಂಗ್ ಹಳೆಯ ಸ್ಟೇಷನ್ನು, ತಗ್ಗು ಮಾಡು, ನಮ್ಮ ಕಡೆಯದರ ಹಾಗೆಯೇ ಕಂಡಿತು. ಹೊರಗೆ ಕಾರ್ಖಾನೆಯ ಗಾಡಿ ನಿಂತಿತ್ತು. ಮಿಲಿಂದ ನಮ್ಮನ್ನು ಬಾಗಿಲಿನ ಒಳಗೇ ನಿಲ್ಲಿಸಿದ. ಮನೆಯವರು ಬಂದಿದ್ದಾರೆಂದು ಗೊತ್ತಾದರೆ ಅನುಮಾನ ಪಡುತ್ತಾರಂತೆ. ಶಾಂತಾ ಉಳಿದ ರೊಟ್ಟಿಯ ಗಂಟನ್ನು ಅವನ ಹೆಗಲಿಗೆ ಹಾಕಿ, ಅವನ ಕೆನ್ನೆ ಸವರಿ ತನ್ನ ಬೆರಳಿನ ನೆಟಿಗೆ ಮುರಿದುಕೊಂಡಳು.

ಅಲ್ಲಿ ಹೊರಗೆ ಹೋಗಲು ಟಿಕೇಟನ್ನು ಒಂದು ಮಶೀನಿನ ಸೀಳಿಗೆ ಹಾಕಬೇಕು. ಹಾಕಿದರೆ ಅಡ್ಡಗಂಬಿ ಬಿಡುತ್ತದೆ. ಆ ಸೀಳು ಬಲಗಡೆಗಿದೆ. ಮಿಲಿಂದ ಎಡಗೈಯನ್ನು ಮೈಯ ಮುಂದಿನಿಂದ ಬಲಕ್ಕೆ ತಂದು, ಸೊಂಟ ತಿರುವಿ, ಟಿಕೇಟು ತೂರಿಸಲು ನೋಡಿದ. ಒಮ್ಮೆಗೆ ಹೋಗಲಿಲ್ಲ. ಹಿಂದೆ ಸಾಲು ನಿಂತಿತು. ಹೆಗಲಿನ ಗಂಟು ಮೊಣಕೈಗೆ ಜಾರಿತು. ಎಲ್ಲರೂ ನೆಲ ನೋಡುತ್ತ ನಿಂತರು. ಮೂರನೆಯ ಸಲಕ್ಕೆ ಟಿಕೇಟು ಹೋಯಿತು, ಅವನೂ ಹೋದ. ತಿರುಗಿ ನೋಡಬೇಡ ಎಂದು ಯಾರೋ ಹೇಳಿದಂತೆ ನೆಟ್ಟಗೆ ಹೋಗಿ ಗಾಡಿ ಹತ್ತಿದ.

ಮರಳುವಾಗ ಶಾಂತಾ ಕಿಟಕಿಯ ಹತ್ತಿರ ಕೂರಲಿಲ್ಲ.

ಹೋಟೆಲ್

ಸಂಜೆ ತಂಡದವರು ಅಂಗಡಿಯ ಚೀಲಗಳನ್ನು ಹೊತ್ತು ಬಂದರು. ಏನೇನು ತಂದಿರಿ ಎಂದು ಒಬ್ಬರನ್ನೊಬ್ಬರು ಕೇಳಿದರು, ನಮ್ಮನ್ನೂ ಕೇಳಿದರು. ಸಾಮಾನು ಬೆಳಿಗ್ಗೆ ಬಾಗಿಲ ಹೊರಗಿಡಬೇಕೆಂದು ಗೈಡ್ ಹೇಳಿಹೋದ. ನಾನು ಎರಡೂ ಬ್ಯಾಗು ಕಟ್ಟಿಟ್ಟೆ. ತಂಡದ ಅಡುಗೆಯವರು ಅನ್ನ, ಸಾರು ಕಳಿಸಿದ್ದರು. ಎರಡು ತಟ್ಟೆಗೆ ಬಡಿಸಿದೆ.

ಶಾಂತಾ ನೆಲದ ಮೇಲೆ ಕೂತು, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈಯಿಂದ ಅನ್ನ ಕಲಸತೊಡಗಿದಳು. ನಮ್ಮ ಮನೆಯಲ್ಲಿ ಹಸುಗೂಸು ಎಡಗೈ ಬಾಯಿಗೆ ಇಟ್ಟರೂ ಅವ್ವ ಹೊಡೆದು ಬಿಡಿಸುತ್ತಿದ್ದಳು. ಮೊದಲ ತುತ್ತು ಸೀರೆಯ ಮೇಲೆ ಬಿತ್ತು. ಎರಡನೆಯದು ಗಲ್ಲಕ್ಕೆ ಮೆತ್ತಿತು. ಸಾರು ಕಡಿಮೆ ಹಾಕಿ ಗಟ್ಟಿಯಾಗಿ ಕಲಸಿದರೆ ನಿಲ್ಲುತ್ತದೆ ಎಂದೆ. ಹಾಗೆಯೇ ಕಲಸಿದಳು. ತಟ್ಟೆ ಮುಗಿಯುವ ತನಕ ಕೈ ಬದಲಿಸಲಿಲ್ಲ.

"ಭಾಳ ಹೊತ್ತು ಹಿಡಿತದ ಅಕ್ಕಾ," ಎಂದಳು. "ಅಲ್ಲಿ ಊಟಕ್ಕ ಎಷ್ಟ್ ಹೊತ್ತು ಬಿಡ್ತಾರೋ ಏನೋ."

ಗೊತ್ತಿಲ್ಲ ಎಂದೆ. ಅವಳ ಎಡಗೈ ತೊಳೆಸಿ, ನೆಲಕ್ಕೆ ಬಿದ್ದ ಅಗುಳು ಆರಿಸಿ, ಎರಡು ತಟ್ಟೆ ತೊಳೆದು ಬೋರಲು ಹಾಕಿದೆ.